ಹಡಿಲು ಗದ್ದೆಗಳು ಮತ್ತೆ ಹಸುರಾಗಲಿ

ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನ್ಮದಿನವನ್ನು ತೆನೆ ಹಬ್ಬವಾಗಿ ಆಚರಿಸುವುದು ಕರಾವಳಿಯ ಕಥೋಲಿಕ ಕುಟುಂಬಗಳ ಹಿರಿಯ ಸಂಪ್ರದಾಯ. ದೇವಾಲಯದಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳುಗಳನ್ನು ಮನೆಮಂದಿಯೆಲ್ಲ ಹಂಚಿಕೊಂಡು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತುಕೊಳ್ಳುವ ದಿನವದು. ಹಿಂದೆ ತೆನೆ ತರಲು ಅಂಗಳ ದಾಟಿ ಗದ್ದೆಗೆ ಇಳಿದರೆ ಸಾಕಾಗುತ್ತಿತ್ತು. ಇಂದು ಎಷ್ಟೋ ಧರ್ಮಕೇಂದ್ರಗಳಲ್ಲಿ ಹಬ್ಬಕ್ಕೆ ಬೇಕಾದ ತೆನೆಗಾಗಿ ಪರವೂರುಗಳಲ್ಲಿ ವಿಚಾರಿಸಬೇಕಾಗಿದೆ. ನಮ್ಮ ಗದ್ದೆಗಳು ಎಲ್ಲಿಗೂ ಹೋಗಿಲ್ಲ; ಅವು ಪೊದೆ, ಜೊಂಡು, ಮುಳ್ಳುಗಳ ಅಡಿಯಲ್ಲಿ ಹಡಿಲು ಬಿದ್ದಿವೆ.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ಗುರುತಿಸಿದ್ದರು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು ಬೆಳೆ, ಮಜಲಿನಲ್ಲಿ ಎರಡು, ನೀರಿನ ಆಸರೆಯುಳ್ಳ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ವಿಪರ್ಯಾಸವೆಂದರೆ ಅತ್ಯಂತ ಫಲವತ್ತಾದ ಬೈಲೇ ಇಂದು ಬಹಳಷ್ಟು ಕಡೆ ಮೊದಲು ಕೈಬಿಟ್ಟ ಭೂಮಿಯಾಗಿದೆ. ಮಕ್ಕಳು ಮುಂಬಯಿ, ಕೊಲ್ಲಿ ರಾಷ್ಟ್ರಗಳೆಂದು ಚದುರಿದರು; ಊರಿನಲ್ಲಿ ಉಳಿದ ತಂದೆತಾಯಿಗೆ ಕೆಸರಿಗೆ ಇಳಿಯುವ ತ್ರಾಣವಿಲ್ಲ; ಕೂಲಿಯಾಳು ದೊರೆಯುವುದಿಲ್ಲ; ದೊರೆತರೂ ಖರ್ಚು ಗಿಟ್ಟುವುದಿಲ್ಲ. ಇವು ಸುಳ್ಳು ನೆಪಗಳಲ್ಲ. ಆದರೆ ಇದರ ಪರಿಣಾಮ ನಮ್ಮ ಬೇಲಿಯೊಳಗೆ ನಿಲ್ಲುವುದಿಲ್ಲ ಎಂಬುದನ್ನು ನಾವು ಮರೆಯುತ್ತಿದ್ದೇವೆ.

ಬೈಲಿನ ಗದ್ದೆಗಳನ್ನೆಲ್ಲ ಪೋಷಿಸುವುದು ಒಂದೇ ತೋಡು. ಮೇಲಿನ ಗದ್ದೆಯವನು ತೋಡನ್ನು ಕಟ್ಟಿಹೋಗಲು ಬಿಟ್ಟರೆ ಕೆಳಗಿನವನ ನೇಜಿ ಒಣಗುತ್ತದೆ. ಕೆಳಗಿನವನು ಬಿಟ್ಟರೆ ಮೇಲಿನವನ ಪೈರು ನೆರೆಯಲ್ಲಿ ಕೊಳೆಯುತ್ತದೆ. ಒಬ್ಬನ ಪೊದೆ ಕಾಡುಹಂದಿ, ಇಲಿಗಳಿಗೆ ಆಶ್ರಯವಾದರೆ ಪಕ್ಕದವನ ಬೆಳೆ ಅವುಗಳ ಪಾಲು. ಹೀಗೆ ಇಬ್ಬರು ಕೈಬಿಟ್ಟರೆ ಮೂರನೆಯವನು ಮನಸ್ಸಿದ್ದರೂ ಬೇಸಾಯ ನಿಲ್ಲಿಸಬೇಕಾಗುತ್ತದೆ. ಬಾವಿಯ ಮಾತೂ ಇದೆ. ಒಂದು ಎಕರೆ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು ಸುಮಾರು 4 ಲಕ್ಷ ಲೀಟರ್. ಬದು ಒಡೆದ ಗದ್ದೆಯಲ್ಲಿ ಆ ನೀರು ಇಂಗದೆ ಸಮುದ್ರ ಸೇರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಬೇಸಗೆ ಬಂದೊಡನೆ ಟ್ಯಾಂಕರಿಗೆ ಕಾಯುವ ದುಃಸ್ಥಿತಿಗೆ ಹಡಿಲು ಗದ್ದೆಯೂ ಒಂದು ಕಾರಣ.

ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ನಿದರ್ಶನ ಸಮೀಪದಲ್ಲೇ ಇದೆ. 2021ರಲ್ಲಿ ಉಡುಪಿಯಲ್ಲಿ ಆಗಿನ ಶಾಸಕ ಕೆ. ರಘುಪತಿ ಭಟ್ಟರ ಮುಂದಾಳುತನದಲ್ಲಿ ಕೇದಾರೋತ್ಥಾನ ಟ್ರಸ್ಟ್ ನಡೆಸಿದ ಆಂದೋಲನದಿಂದ ವರ್ಷಗಟ್ಟಲೆ ಹಡಿಲು ಬಿದ್ದ ವಿಸ್ತಾರವಾದ ಭೂಮಿ ಮತ್ತೆ ಉಳುಮೆ ಕಂಡಿತು. ಅದರ ಕುಚ್ಚಲಕ್ಕಿ 'ಉಡುಪಿ ಕೇದಾರ ಕಜೆ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಲ್ಲಿ ಒಬ್ಬೊಬ್ಬನ ಗದ್ದೆಯನ್ನಲ್ಲ, ಇಡೀ ಬೈಲನ್ನೇ ಒಟ್ಟಿಗೆ ಕೈಗೆತ್ತಿಕೊಂಡದ್ದು ನಾವು ಕಲಿಯಬೇಕಾದ ಪಾಠ.

ಕೆಲಸದ ಕ್ರಮವೂ ಮುಖ್ಯ. ಮೊದಲು ಗದ್ದೆಯನ್ನಲ್ಲ, ತೋಡನ್ನು ಹಿಡಿಯಬೇಕು. ಬೇಸಗೆಯಲ್ಲಿಯೇ ಅದರ ಹೂಳೆತ್ತಿ ನೀರಿಗೆ ದಾರಿ ಮಾಡಿಕೊಡದೆ ಪೊದೆ ಕಡಿಯುವುದು ವ್ಯರ್ಥ. ಬಳಿಕ ಪೊದೆಗಳನ್ನು ಬೇರುಸಹಿತ ಕಿತ್ತು, ಬದು ಕಟ್ಟಿ, ಮೊದಲ ಮಳೆಗೆ ಒಮ್ಮೆ ಉಳಬೇಕು. ಎರಡು ಮೂರು ವಾರಗಳಲ್ಲಿ ಮತ್ತೆ ಚಿಗುರುವ ಕಳೆಯನ್ನು ಎರಡನೆಯ ಉಳುಮೆಯಲ್ಲಿ ಮಣ್ಣಿಗೆ ಸೇರಿಸಿ ಕೊಳೆಸಬೇಕು. ನಮ್ಮ ಮಣ್ಣು ಹುಳಿ ಮಣ್ಣು. ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು ಲೇಸು. ನಿಂತ ನೀರಿನ ಮೇಲೆ ತುಕ್ಕಿನ ಬಣ್ಣದ ಕೆನೆ ಕಂಡರೆ ಕಬ್ಬಿಣದ ಅಂಶ ಹೆಚ್ಚಿದೆಯೆಂದು ತಿಳಿದು, ಆ ನೀರನ್ನು ಬಸಿದುಬಿಡಬೇಕು. ಗಟ್ಟಿ ನೆಲದ ಗದ್ದೆಯಲ್ಲಿ ಚಾಪೆ ನೇಜಿಯ ಯಂತ್ರನಾಟಿಯಿಂದ ಆಳಿನ ಸಮಸ್ಯೆ ನೀಗುತ್ತದೆ. ಯಂತ್ರ ಹೂತುಹೋಗುವ ಆಳ ಕೆಸರಿನಲ್ಲಿ ಮೊಳಕೆ ಬರಿಸಿದ ಬೀಜವನ್ನು ನೇರವಾಗಿ ಬಿತ್ತಬಹುದು. ನೆರೆ ನಿಲ್ಲುವ ತಗ್ಗು ಗದ್ದೆಗೆ ಯಾವ ತಳಿ ಒಗ್ಗುತ್ತದೆಂದು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಭತ್ತದ ಕೊಯ್ಲಿನ ನಂತರ ಉಳಿದ ತೇವದಲ್ಲಿ ಉದ್ದು ಅಥವಾ ಹೆಸರು ಬಿತ್ತಿದರೆ ಮನೆಗೆ ಧಾನ್ಯ, ಮಣ್ಣಿಗೆ ಸಾರ. ಮೊದಲ ವರ್ಷ ಹೆಚ್ಚಿನ ಲಾಭ ನಿರೀಕ್ಷಿಸುವುದು ಸರಿಯಲ್ಲ. ಆ ವರ್ಷದ ಖರ್ಚು ಮುಂದಿನ ವರ್ಷಗಳ ಬಂಡವಾಳ.

ಇಷ್ಟಾದರೂ ಒಂದು ಹೆದರಿಕೆ ಉಳಿಯುತ್ತದೆ: 'ಬೇರೆಯವರಿಗೆ ಗದ್ದೆ ಮಾಡಲು ಕೊಟ್ಟರೆ ಕೈತಪ್ಪಿ ಹೋದೀತು.' ಇದರ ಬೇರು 1974ರ ಭೂಸುಧಾರಣೆಯಲ್ಲಿದೆ. ಅಂದು ಗೇಣಿದಾರರಾಗಿದ್ದ ನಮ್ಮ ಅನೇಕ ಕುಟುಂಬಗಳು ಉಳುವವನೇ ಹೊಲದೊಡೆಯ ಎಂಬ ಆ ಕಾನೂನಿನಿಂದಲೇ ಗದ್ದೆಯ ಒಡೆಯರಾದರು. ಉಳುವವನೆಂಬ ಕಾರಣಕ್ಕೆ ಭೂಮಿ ಪಡೆದವರ ಮಕ್ಕಳು ಈಗ ಉಳುವವನಿಗೆ ಹೆದರಿ ಭೂಮಿಯನ್ನು ಪಾಳು ಬಿಡುವುದು ನ್ಯಾಯವೇ? ಕೃಷಿಭೂಮಿಯನ್ನು ಗೇಣಿಗೆ ಕೊಡಲು ಕಾನೂನಿನ ತಡೆಯಿರುವುದು ನಿಜ. ಆದರೆ ಮಾಲೀಕನೇ ಬೆಳೆಗಾರನಾಗಿ ಉಳಿದು, ಉಳುಮೆ, ನಾಟಿ, ಕಟಾವುಗಳನ್ನು ಊರಿನ ಯುವಕರ ಗುಂಪಿಗೋ ಸ್ವಸಹಾಯ ಸಂಘಕ್ಕೋ ಮಜೂರಿ ಕೊಟ್ಟು ವಹಿಸಲು ಅಡ್ಡಿಯೇನಿದೆ? ವಕೀಲರ ಸಲಹೆಯಂತೆ ಬರೆಹದಲ್ಲಿ ಒಪ್ಪಂದ ಮಾಡಿಕೊಂಡು, ಪಹಣಿಯ ದಾಖಲೆಗಳನ್ನು ವರ್ಷವರ್ಷವೂ ನೋಡಿಕೊಂಡರೆ ಭಯಕ್ಕೆ ಎಡೆಯಿರುವುದಿಲ್ಲ. ಪಾಲಾಗದ ಆಸ್ತಿಯಿದ್ದಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ತಮ್ಮ ವ್ಯಾಜ್ಯ ಮುಗಿಯುವ ತನಕವಾದರೂ ಗದ್ದೆ ನಡೆಯಲೆಂದು ಒಮ್ಮತಕ್ಕೆ ಬರಬಾರದೇ?

ದೇವರು ಮಾನವನನ್ನು ತೋಟದಲ್ಲಿರಿಸಿದ್ದು ಅದನ್ನು ಕೃಷಿಮಾಡಿ ಕಾಯಲೆಂದು. ಬೀಗ ಹಾಕಿ ಹೊರಟುಹೋಗಲೆಂದಲ್ಲ. ಭೂಮಿ ನಮ್ಮೆಲ್ಲರ ಸಮಾನ ಮನೆಯೆಂದು ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದ್ದರು. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಧರ್ಮಕೇಂದ್ರದ ಪಾಲನಾ ಮಂಡಳಿಯೂ ತನ್ನ ವ್ಯಾಪ್ತಿಯ ಒಂದೇ ಒಂದು ಬೈಲನ್ನು ಆರಿಸಿಕೊಳ್ಳಲಿ. ಬೈಲಿಗೆ ಜಾತಿಮತವಿಲ್ಲ; ಆದುದರಿಂದ ಅಲ್ಲಿ ಗದ್ದೆಯುಳ್ಳ ಹಿಂದೂ, ಮುಸ್ಲಿಂ ಬಾಂಧವರನ್ನೂ ಕರೆದು ಕೂಡಿಸಿಕೊಳ್ಳಲಿ. ಪರದೇಶದಲ್ಲಿರುವವರು ತೋಡಿನ ಹೂಳೆತ್ತುವ ಖರ್ಚಿನಲ್ಲಿ ತಮ್ಮ ಪಾಲನ್ನು ಕೊಡಲಿ. ಗದ್ದೆಯ ಕೆಲಸ ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಇದು ಆಗಬೇಕು. ಅವರ ಅರಿವು ಅವರೊಂದಿಗೇ ಮಣ್ಣಾದರೆ ಅದನ್ನು ಯಾವ ಯಂತ್ರವೂ ಮರಳಿ ತಂದುಕೊಡಲಾರದು.