ಮನೆಮನೆಯ ರಸಾಯನ: ಗಿಡ ಕೀಳುವ ಮೊದಲು ಒಂದು ಲೋಟ ಕಾಫಿ

ಕಳೆದ ಸಂಚಿಕೆಯಲ್ಲಿ ಹುಣಿಸೆಹಣ್ಣಿನ ಹುಳಿಯ ವಿಚಾರ ಬರೆದಾಗ, ಮುಂದಿನ ಸಲ ಉಪ್ಪಿನಕಾಯಿಯ ಬಗ್ಗೆ ಬರೆಯುತ್ತೇವೆಂದು ಮಾತು ಕೊಟ್ಟಿದ್ದೆವು. ಆ ಮಾತು ಈ ಸಲ ನಡೆಯಲಿಲ್ಲ, ವಾಚಕರು ಮನ್ನಿಸಬೇಕು. ಕಾರಣ, ಊರಿನಿಂದ ಬಂದ ಒಂದು ಫೋನು.

ಚಿಕ್ಕಮಗಳೂರಿನ ಆಲ್ದೂರಿನ ಬಳಿ ನಮ್ಮ ಅಣ್ಣನಿಗೆ ನಾಲ್ಕು ಎಕರೆ ಕಾಫಿ ತೋಟವಿದೆ. ಅದರಲ್ಲಿ ಎರಡು ಎಕರೆ ನಮ್ಮ ಅಪ್ಪಯ್ಯ ಕೈಯಾರೆ ನೆಟ್ಟ ಎಸ್. 795 ಅರೇಬಿಕಾ. “ಬಿಳಿ ಕಾಂಡಕೊರಕ ಬಿದ್ದು ಈ ವರ್ಷ ಮುನ್ನೂರು ಗಿಡ ಕಿತ್ತು ಸುಟ್ಟೆ ಕಣೋ. ಉಳಿದದ್ದನ್ನೂ ತೆಗೆದು ರೊಬಸ್ಟಾ ಹಾಕಿಬಿಡೋಣ ಅಂತಿದೀನಿ. ನೀನು ಡಾಕ್ಟರೇಟ್ ಮಾಡಿದವನು, ಕಾಫಿ ದೇಶದಲ್ಲೇ ಇದೀಯ. ಏನು ಹೇಳ್ತೀಯ?” ಎಂದು ಕೇಳಿದ. ಫಕ್ಕನೆ ಉತ್ತರ ಹೊಳೆಯಲಿಲ್ಲ. ಒಂದು ವಾರ ಸಮಯ ಕೇಳಿದೆವು.

ಅಣ್ಣನ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಈ ಕೊರಕ ಅರೇಬಿಕಾವನ್ನು ಕಾಡುವಂತೆ ರೊಬಸ್ಟಾವನ್ನು ಕಾಡುವುದಿಲ್ಲ. ರೊಬಸ್ಟಾ ಎಕರೆಗೆ ಹೆಚ್ಚು ಬಿಡುತ್ತದೆ. 2024ರಲ್ಲಂತೂ ಅದರ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ರೊಬಸ್ಟಾವೇ. ಹೀಗಿರುವಾಗ ಅಪ್ಪಯ್ಯನ ಗಿಡಗಳೆಂದು ಕಣ್ಣೀರಿಡುತ್ತ ಕೂರುವುದು ತೋಟಗಾರಿಕೆಯಲ್ಲ.

ಆದರೆ ಇದೇ ಪ್ರಶ್ನೆ ನಾವಿರುವ ಈ ನಾಡಿನಲ್ಲಿ ಐವತ್ತು ವರ್ಷಕ್ಕೂ ಹಿಂದೆಯೇ ಎದ್ದಿತ್ತು. ಅದಕ್ಕೆ ಇಲ್ಲಿಯವರು ಕೊಟ್ಟ ಉತ್ತರವನ್ನು ನಮ್ಮ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ನೈರೋಬಿಯ ಅಂಗಡಿಗಳಲ್ಲಿ ದುಬಾರಿ ಪೊಟ್ಟಣಗಳ ಮೇಲೆ ‘ಎಸ್.ಎಲ್. 28’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಎಸ್.ಎಲ್. ಎಂದರೆ ಸ್ಕಾಟ್ ಲ್ಯಾಬೊರೇಟರೀಸ್. ಇದು ನಮ್ಮ ಕಬೇಟೆಯಲ್ಲಿಯೇ ಇದ್ದ ಸಂಸ್ಥೆ. ಟಾಂಗನ್ಯಿಕಾ ಕಡೆಯ, ಬರ ತಾಳುವ ಗಿಡಗಳಿಂದ 1930ರ ದಶಕದಲ್ಲಿ ಅವರು ಆರಿಸಿದ ತಳಿ ಇದು. ಬೇರು ಆಳ, ಕಾಳು ದಪ್ಪ, ರುಚಿ ಜಗತ್ಪ್ರಸಿದ್ಧ. ಒಂದೇ ಕೊರತೆ: ರೋಗ ತಡೆಯದು. ಕಾಯಿಕೊಳೆ ರೋಗವನ್ನು ಕೀನ್ಯದಲ್ಲಿ ಮೊದಲು ಗುರುತಿಸಿದ್ದು 1922ರಲ್ಲಿ. ಅದನ್ನು ತರುವ ಶಿಲೀಂಧ್ರದ ಶಾಸ್ತ್ರೀಯ ಹೆಸರಿನಲ್ಲಿಯೇ ‘ಕಹಾವಾ’ ಎಂಬ ಸ್ವಾಹಿಲಿ ಮಾತು ಸೇರಿಕೊಂಡಿದೆ. ಕಹಾವಾ ಎಂದರೆ ಕಾಫಿ. 1968ರ ಸುಮಾರಿಗೆ ಈ ರೋಗ ಮಾರಿಯಂತೆ ಹರಡಿತು. ಆಫ್ರಿಕಾ ಬಿಟ್ಟು ಹೊರಗೆ ಹೋಗದ ರೋಗವಿದು. ಮಲೆನಾಡು, ಕೊಡಗುಗಳ ಪುಣ್ಯ.

ಆಗ ರುಯಿರುವಿನ ಕಾಫಿ ಸಂಶೋಧನಾ ಕೇಂದ್ರದವರು ಕೈಹಾಕಿದ ಕೆಲಸದ ಫಲವೇ 1985ರಲ್ಲಿ ಹೊರಬಂದ ‘ರುಯಿರು 11’. ಗಿಡ ಗಿಡ್ಡ. ಹೆಕ್ಟೇರಿಗೆ ಎಸ್.ಎಲ್. 28 ಸುಮಾರು 1330 ಗಿಡ ಹಿಡಿದರೆ ಇದು 2500 ಹಿಡಿಯುತ್ತದೆ. ಬೇಗ ಫಲಕ್ಕೆ ಬರುತ್ತದೆ, ಔಷಧಿ ಹೊಡೆಯುವ ಖರ್ಚು ಬಹಳ ಇಳಿಯುತ್ತದೆ. ರುಚಿ ಮಾತ್ರ ಒಂದು ಮೆಟ್ಟಿಲು ಕೆಳಗೆ ಎಂದು ಕೊಳ್ಳುವವರು ಮೂಗು ಮುರಿದರು. ಆ ಆಕ್ಷೇಪಣೆಗೆ ಉತ್ತರವಾಗಿ, ರೋಗವನ್ನೂ ತಡೆದು ರುಚಿಯಲ್ಲೂ ಎಸ್.ಎಲ್. 28ರ ಹತ್ತಿರಕ್ಕೆ ಬರುವ ‘ಬಾಟಿಯಾನ್’ ಎಂಬ ತಳಿಯನ್ನು 2010ರಲ್ಲಿ ಕೊಟ್ಟರು. ಮೌಂಟ್ ಕೀನ್ಯದ ಅತಿ ಎತ್ತರದ ಶಿಖರದ ಹೆಸರು ಅದು.

ಇಲ್ಲಿ ನಮಗೆ ಒಂದು ನೆಂಟಸ್ತಿಕೆ ಕಂಡಿತು. ಮೈಸೂರು ಸೀಮೆಯಲ್ಲಿ ಕೆಂಟ್ ಎಂಬ ಇಂಗ್ಲಿಷ್ ತೋಟಗಾರ ತನ್ನ ತೋಟದಲ್ಲಿ ಎಲೆ ತುಕ್ಕು ತಡೆಯುವ ಗಿಡವೊಂದನ್ನು ಆರಿಸಿದ್ದ. ಆ ‘ಕೆಂಟ್ಸ್’ ತಳಿ ಈ ಕಡೆಗೂ ಬಂತು. ಅದರಿಂದ ಮುಹೊರೊನಿಯ ಬಳಿ ‘ಕೆ 7’ ಎಂಬ ತಳಿಯನ್ನು ಆರಿಸಿದರು. ರುಯಿರು 11ರ ಪೂರ್ವಜರಲ್ಲಿ ಈ ಕೆ 7 ಒಂದು. ಅತ್ತ 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಅದೇ ಕೆಂಟ್ಸನ್ನು ಇನ್ನೊಂದು ತಳಿಯೊಡನೆ ಕೂಡಿಸಿ, 1940ರ ದಶಕದಲ್ಲಿ ಕೊಟ್ಟದ್ದೇ ಎಸ್. 795. ಅಂದರೆ ಅಪ್ಪಯ್ಯ ನೆಟ್ಟ ಗಿಡವೂ ಥಿಕಾ ರಸ್ತೆಯ ಪಕ್ಕದ ಗಿಡವೂ ದೂರದ ದಾಯಾದಿಗಳು!

ನಮ್ಮ ಪ್ರಯೋಗಾಲಯದ ಸಹಾಯಕರೊಬ್ಬರ ಊರು ಮುರಾಂಗ. ಅವರ ತಂದೆ ಮ್ಝೀಯವರಿಗೆ ಅರ್ಧ ಎಕರೆ ಕಾಫಿ. ಆ ಶನಿವಾರ ಅಲ್ಲಿಗೆ ಹೋಗಿದ್ದೆವು. ಮ್ಝೀ ಒಂದು ಗಿಡ ತೋರಿಸಿದರು: ಬುಡ ಹಳೆಯ ಎಸ್.ಎಲ್. 28, ಮೇಲೆ ಕಸಿ ಕಟ್ಟಿದ್ದು ರುಯಿರು 11. ಆಳದ ಬೇರು ಹಳೆಯದು ಕೊಡುತ್ತದೆ, ಫಲ ಹೊಸದು ಕೊಡುತ್ತದೆ. ಕೀಳುವುದೂ ತಪ್ಪಿತು, ಮೂರು ವರ್ಷ ಬರಿಗೈಯಲ್ಲಿ ಕೂರುವುದೂ ತಪ್ಪಿತು. “ಹಾಗಾದರೆ ಪಕ್ಕದಲ್ಲಿ ಶುದ್ಧ ಎಸ್.ಎಲ್. 28 ಏಕೆ ಉಳಿಸಿದ್ದೀರಿ? ಅದಕ್ಕೆ ಹೆಚ್ಚು ಬೆಲೆಯೇ?” ಎಂದು ಕೇಳಿದೆವು. ಅವರು ನಕ್ಕರು. ಹಣ್ಣು ಸಹಕಾರ ಸಂಘದ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಎಲ್ಲರ ಹಣ್ಣೂ ಒಂದೇ ತೊಟ್ಟಿಗೆ ಬೀಳುತ್ತದೆ. ತೂಗುವವನು ಕಿಲೋ ಕೇಳುತ್ತಾನೆಯೇ ಹೊರತು ಗಿಡದ ಜಾತಿ ಕೇಳುವುದಿಲ್ಲ.

ನಮ್ಮ ತಲೆಗೆ ಬೆಳಕು ಬಿದ್ದದ್ದು ಅಲ್ಲಿ. ರುಚಿಗೆ ಬೆಲೆ ಸಿಗುವುದು ಗಿಡದಲ್ಲಿ ರುಚಿ ಇದ್ದರಷ್ಟೇ ಅಲ್ಲ. ಆ ರುಚಿ ಬೇರೆಯಾಗಿ ಉಳಿದು ಕೊಳ್ಳುವವನ ಲೋಟವನ್ನು ತಲುಪಿದರೆ. ನಮ್ಮ ನಾಡಿನಲ್ಲೂ ಅಷ್ಟೇ ತಾನೆ? 1990ರ ದಶಕದವರೆಗೆ ಕಾಫಿ ಬೋರ್ಡಿನ ಪೂಲ್ ಪದ್ಧತಿಯಲ್ಲಿ ಎಲ್ಲರ ಕಾಫಿಯೂ ಒಟ್ಟಾಗುತ್ತಿತ್ತು. ಅಪ್ಪಯ್ಯ ಎಷ್ಟು ಮುತುವರ್ಜಿಯಿಂದ ಒಣಗಿಸಿದರೂ ಆ ತೋಟದ ಹೆಸರು ಚೀಲ ಬಿಟ್ಟು ಮುಂದೆ ಹೋಗಲಿಲ್ಲ. ಇಂದು ಆ ಕಟ್ಟು ಇಲ್ಲ. ಬೇರೆಯಾಗಿ ಮಾರುವ ದಾರಿ ತೆರೆದಿದೆ.

ಇನ್ನು ರಸಾಯನದ ಮಾತು. ಹಸಿ ಅರೇಬಿಕಾ ಬೀಜದಲ್ಲಿ ಸಕ್ಕರೆ ನೂರಕ್ಕೆ ಸುಮಾರು 6ರಿಂದ 9 ಪಾಲು. ರೊಬಸ್ಟಾದಲ್ಲಿ ಇನ್ನೂ ಕಡಿಮೆ. ಕೆಫೀನು ಅರೇಬಿಕಾದಲ್ಲಿ ಸುಮಾರು 1.2, ರೊಬಸ್ಟಾದಲ್ಲಿ 2.2. ಹುರಿಯುವಾಗ ಘಮಘಮಿಸುವ ಪದಾರ್ಥಗಳು ಹುಟ್ಟಲು ಆ ಸಕ್ಕರೆಯೇ ಒಂದು ಮುಖ್ಯ ಬಂಡವಾಳ. ಕಾಯಿ ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದರೆ ಸಕ್ಕರೆ ಇನ್ನೂ ತುಂಬಿರುವುದಿಲ್ಲ. ಎಂಥ ಉತ್ತಮ ತಳಿಯಾದರೂ ಒಗರೇ ಗತಿ. ಅಂದಹಾಗೆ, ಪೊಟ್ಟಣದ ಮೇಲಿನ ‘ಎಎ’ ಎಂಬುದು ಕಾಳಿನ ಗಾತ್ರದ ಗುರುತು. ಅದನ್ನು ರುಚಿಯ ಪದವಿಯೆಂದು ತಿಳಿದು ಹಣ ಸುರಿಯಬೇಡಿ.

ಪುಸ್ತಕದ ಮಾತು ಸಾಲದೆಂದು, ಭಾನುವಾರ ಮನೆಗೆ ಬಂದಿದ್ದ ನಮ್ಮ ಸಂಘದ ಮಿತ್ರರಿಗೆ ಹೆಸರು ಹೇಳದೆ ನಂಬರು ಹಚ್ಚಿ ನಾಲ್ಕು ಲೋಟ ಕೊಟ್ಟೆವು: ಎಸ್.ಎಲ್. 28, ರುಯಿರು 11, ಊರಿನ ಎಸ್. 795, ಊರಿನದೇ ರೊಬಸ್ಟಾ. ಹಾಲಿಲ್ಲದೆ ಕುಡಿದಾಗ ಹೆಚ್ಚು ಮಂದಿ ಎಸ್.ಎಲ್. 28ನ್ನು ಮೆಚ್ಚಿದರು, ಎಸ್. 795 ಅದರ ಬೆನ್ನಿಗೇ ಬಂತು. ಆಮೇಲೆ ನಮ್ಮ ಮನೆಯವರು ಅದೇ ನಾಲ್ಕನ್ನು ಚಿಕೋರಿ ಬೆರೆಸಿ, ಫಿಲ್ಟರಿನಲ್ಲಿ ಇಳಿಸಿ, ಹಾಲು ಸಕ್ಕರೆ ಹಾಕಿ ಕೊಟ್ಟರು. ಎಸ್.ಎಲ್. 28 ಎಲ್ಲಿ ಹೋಯಿತೋ ಪತ್ತೆಯಿಲ್ಲ! ರೊಬಸ್ಟಾ ಲೋಟ ಹಿಡಿದ ಹಿರಿಯರೊಬ್ಬರು, “ಇದಪ್ಪಾ ಕಾಫಿ ಅಂದ್ರೆ” ಎಂದರು. ಆದ್ದರಿಂದ ರೊಬಸ್ಟಾ ಕೀಳು ಎಂದು ಯಾರೂ ತಿಳಿಯಬಾರದು. ಯಾರ ಲೋಟಕ್ಕೆ ಬೆಳೆಯುತ್ತೇವೆಂಬುದೇ ಪ್ರಶ್ನೆ.

ವಾರ ಮುಗಿದ ಮೇಲೆ ಅಣ್ಣನಿಗೆ ಹೇಳಿದೆವು: ಎಲ್ಲವನ್ನೂ ಕೀಳಬೇಡ. ಕೊರಕ ಬರಿದು ಮಾಡಿದ ಕೆಳಗಿನ ಬಿಸಿಲು ಜಾಗಕ್ಕೆ ರೊಬಸ್ಟಾ ಹಾಕು. ಆದರೆ ಅದು ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. 2024ರ ಬೆಲೆ ಅಲ್ಲಿಯವರೆಗೆ ಕಾದು ಕುಳಿತಿರುವುದಿಲ್ಲ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ನೀರೂ ಬೇಕು. ಮೇಲಿನ ಇಳಿಜಾರಿನ ಒಂದು ಎಕರೆ ಎಸ್. 795 ಉಳಿಸಿಕೋ. ಮರಗಸಿ ಅತಿಯಾಗಿ ಮಾಡಬೇಡ. ನೆರಳು ಕಳೆದ ತೋಟಕ್ಕೇ ಕೊರಕದ ಹಾವಳಿ ಜಾಸ್ತಿ. ಕೆಂಪು ಹಣ್ಣು ಮಾತ್ರ ಕೊಯ್ಸು, ಬೇರೆ ಒಣಗಿಸು, ಬೇರೆ ಮಾರು.

“ಹೇಳೋದು ಸುಲಭ. ಮೂರು ನಾಲ್ಕು ಸಲ ಆರಿಸಿ ಕೊಯ್ಯೋಕೆ ಆಳು ನೀನು ನೈರೋಬಿಯಿಂದ ಕಳಿಸ್ತೀಯಾ?” ಎಂದ ಅಣ್ಣ.

ಅವನ ಮಾತು ಚುಚ್ಚಿತು, ಏಕೆಂದರೆ ನಿಜ. ತಿಂಗಳ ಸಂಬಳ ಎಣಿಸುವ ನಾವು ರುಚಿಯ ಬೋಧನೆ ಮಾಡುತ್ತೇವೆ. ಬ್ಯಾಂಕಿನ ಸಾಲ ತೀರಿಸುವವನು ಅವನು. ರುಚಿಯೊಂದೇ ತೋಟವನ್ನು ಉಳಿಸುವುದೂ ಇಲ್ಲ. 1987–88ರಲ್ಲಿ ಸುಮಾರು 1,30,000 ಟನ್ ಬೆಳೆದ ಕೀನ್ಯ ಇಂದು 50,000 ಟನ್ನಿನ ಆಸುಪಾಸಿನಲ್ಲಿದೆ. ರುಯಿರುವಿನ ದಾರಿಯಲ್ಲಿ ಕಾಫಿ ಇದ್ದ ಕಡೆ ಈಗ ಮನೆಗಳ ಸಾಲು ಎದ್ದಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಜಗತ್ತು ಹೊಗಳಿದ ಕಾಫಿಯನ್ನೂ ಬೆಳೆಗಾರನ ಕೈ ಖಾಲಿಯಾದಾಗ ಕಿತ್ತರು.

ಆದ್ದರಿಂದ ಮನೆಯಲ್ಲಿ ಇಬ್ಬರೂ ಕೂತು ಮಾತಾಡಿಕೊಂಡು, ಆ ಒಂದು ಎಕರೆಯ ಎರಡು ಬೆಳೆಗೆ ಆರಿಸಿ ಕೊಯ್ಯುವ ಹೆಚ್ಚಿನ ಕೂಲಿಯನ್ನು ನಾವೇ ಕೊಡುವುದೆಂದು ನಿಶ್ಚಯಿಸಿದೆವು. ಅದೂ ಕೈಗೂಡದಿದ್ದರೆ ಅಣ್ಣ ಕೀಳಲಿ, ನಾವು ಎದುರಾಡುವುದಿಲ್ಲ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಎರಡು ಬೆಳೆ ನೋಡೋಣ” ಎಂದ.

ಫಲಿತಾಂಶವನ್ನು ಈ ಅಂಕಣದಲ್ಲಿಯೇ ತಿಳಿಸುತ್ತೇವೆ, ಗೆದ್ದರೂ ಸೋತರೂ. ಉಪ್ಪಿನಕಾಯಿ ಮುಂದಿನ ಸಂಚಿಕೆಗೆ ಖಂಡಿತ.