‘ಹೋಮ್ಲಿ’ ಹುಡುಗಿ ಬೇಕಂತೆ!



ವಧು ಬೇಕೆಂಬ ಜಾಹೀರಾತುಗಳಲ್ಲಿ ಒಂದು ಇಂಗ್ಲಿಷ್ ಗುಣವಾಚಕ ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಹೋಮ್ಲಿ’. ಹೆಣ್ಣು ಹೆತ್ತವರೂ ‘ನಮ್ಮ ಹುಡುಗಿ ತುಂಬಾ ಹೋಮ್ಲಿ’ ಎಂದು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು ಈ ಪದದ ಜಾತಕವನ್ನು ನಿಮ್ಮ ಮುಂದಿಡುತ್ತೇನೆ.

ಇಂಗ್ಲೆಂಡಿನಲ್ಲಿ ಹೋಮ್ಲಿ ಎಂದರೆ ಸರಳವಾದ, ಆಡಂಬರವಿಲ್ಲದ, ಮನೆಯಂತೆ ಹಿತವಾದ ಎಂದರ್ಥ. ‘ಸಿಂಪಲ್’, ‘ಕೋಝಿ’ ಅದರ ಸಮಾನಾರ್ಥಕಗಳು. ಅಮೆರಿಕದಲ್ಲಿ ಹೆಣ್ಣನ್ನು ಹೋಮ್ಲಿ ಎಂದರೆ ‘ನೋಡಲು ಚೆನ್ನಾಗಿಲ್ಲ’ ಎಂದಾಗುತ್ತದೆ. ಅಲ್ಲಿ ‘ಪ್ಲೇನ್’, ‘ಅಗ್ಲಿ’ ಅದರ ನೆಂಟರು. ಅಮೆರಿಕದಲ್ಲಿರುವ ವರನಿಗೆ ‘ಸುಂದರ, ಹೋಮ್ಲಿ ವಧು’ ಬೇಕೆಂದರೆ ಅಲ್ಲಿಯವರು ನಕ್ಕಾರು!

ನಮ್ಮ ಜಾಹೀರಾತಿನಲ್ಲಿ ಮಾತ್ರ ಅದಕ್ಕೆ ಮೂರನೆಯ ಅರ್ಥ. ಅಡುಗೆ ಮಾಡಬೇಕು, ಅತ್ತೆಮಾವಂದಿರ ಸೇವೆ ಮಾಡಬೇಕು, ಎದುರಾಡಬಾರದು. ಕೆಲವರು ಇದನ್ನೇ ‘ಡೊಮೆಸ್ಟಿಕೇಟೆಡ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಪದ ಹೆಚ್ಚಾಗಿ ಸಲ್ಲುವುದು ಪಳಗಿಸಿದ ದನ, ಕುದುರೆ, ನಾಯಿಗಳಿಗೆ! ‘ಹೋಮ್ಲಿ ವರ’ ಎಂಬುದನ್ನು ನಾನೆಲ್ಲೂ ಓದಿಲ್ಲ. ಅವನು ‘ವೆಲ್ ಸೆಟಲ್ಡ್’ ಆಗಿದ್ದರೆ ಸಾಕು. ಇತ್ತೀಚೆಗೆ ‘ಉದ್ಯೋಗಸ್ಥ, ಹೋಮ್ಲಿ ವಧು’ ಎನ್ನುತ್ತಾರೆ. ಸಂಬಳವೂ ಬೇಕು, ಬಿಟ್ಟಿ ಚಾಕರಿಯೂ ಬೇಕು!

1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ 4ಎ ಕಲಮನ್ನು ಸೇರಿಸಲಾಯಿತು. ಮದುವೆಗೆ ಪ್ರತಿಫಲವಾಗಿ ಹಣ, ಆಸ್ತಿ ಕೊಡುತ್ತೇವೆಂದು ಜಾಹೀರಾತು ನೀಡುವುದು ಅಪರಾಧವಾಯಿತು. ಆದರೆ ಹೆಣ್ಣಿನ ಬಿಟ್ಟಿ ದುಡಿಮೆಯ, ಬಾಯಿ ಮುಚ್ಚಿದ ಬಾಳಿನ ಬೇಡಿಕೆ ಇಂದಿಗೂ ರಾಜಾರೋಷವಾಗಿ ಅಚ್ಚಾಗುತ್ತಿದೆ. ನಾಳೆ ಅವಳು ಸಂಘದ ಸಭೆಗೆ ಹೊರಟರೆ, ತವರಿನಿಂದ ಹಣ ತರಲಾರೆ ಎಂದರೆ, ‘ಹೋಮ್ಲಿ ಅಂತ ಹೇಳಿ ಮೋಸ ಮಾಡಿದಿರಿ’ ಎಂಬ ಬೈಗುಳ. ಆಮೇಲೆ ಹೊಡೆತ. ಹೊಗಳಿಕೆಯಂತೆ ಕಂಡ ಪದ ಕೊನೆಗೆ ಕರಾರುಪತ್ರವಾಗುತ್ತದೆ.

ನೆನಪಿಡಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹೊಡೆತ ಮಾತ್ರ ದೌರ್ಜನ್ಯವಲ್ಲ. ಹೀಯಾಳಿಕೆಯೂ, ಹಣಕಾಸಿನ ಶೋಷಣೆಯೂ ದೌರ್ಜನ್ಯವೇ.

ಆದ್ದರಿಂದ ಗಂಡಿನ ಕಡೆಯವರು ‘ಹೋಮ್ಲಿ’ ಎಂದ ಕೂಡಲೇ ಕೇಳಿ: ಹಾಗೆಂದರೆ ಏನು, ಕನ್ನಡದಲ್ಲಿ ಬಿಡಿಸಿ ಹೇಳಿ. ಅವಳ ಸಂಬಳ ಯಾರ ಕೈಯಲ್ಲಿರುತ್ತದೆ? ಅವಳು ಹುಷಾರಿಲ್ಲದೆ ಮಲಗಿದ ದಿನ ಒಲೆ ಹಚ್ಚುವವರು ಯಾರು? ಉತ್ತರಕ್ಕೆ ತಡವರಿಸುವ ಮನೆಗೆ ಹೆಣ್ಣು ಕೊಡಬೇಡಿ. ನಮ್ಮ ಮಕ್ಕಳನ್ನು ‘ಹೋಮ್ಲಿ’ ಎಂದು ಬಣ್ಣಿಸುವುದನ್ನು ಮೊದಲು ನಾವೇ ನಿಲ್ಲಿಸೋಣ. ಓದಿದ್ದಾಳೆ, ದುಡಿಯುತ್ತಾಳೆ, ತನ್ನ ಮಾತನ್ನು ತಾನೇ ಆಡುತ್ತಾಳೆ ಎನ್ನೋಣ. ಮನೆ ಇಬ್ಬರದೂ ಆದ ಮೇಲೆ ಮನೆವಾರ್ತೆಯ ಗುಣ ಒಬ್ಬಳಿಗೇ ಏಕೆ?