ಹಬ್ಬದ ನೆರವು

ಹಬ್ಬಗಳು ಸಮೀಪಿಸಿದಾಗ, ಕಷ್ಟದಲ್ಲಿರುವ ಯಾವುದಾದರೂ ಒಂದು ಕುಟುಂಬಕ್ಕೆ ಕೈಲಾದ ನೆರವನ್ನು ನೀಡಬೇಕೆಂಬ ಸದ್ಬುದ್ಧಿಯು ಅನೇಕ ಗೃಹಸ್ಥರಲ್ಲಿ ಹುಟ್ಟುವುದುಂಟು. ಅದು ಶ್ಲಾಘ್ಯವಾದುದೇ. ಆದರೆ ಅದನ್ನು ಕಾರ್ಯರೂಪಕ್ಕೆ ತರುವಲ್ಲಿ ನಾವೇ ಎಸಗಿದ ಒಂದು ಪ್ರಮಾದವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

2024ನೆಯ ಇಸವಿಯ ಗೌರಿ ಹಬ್ಬವಾದ ಮರುವಾರ, ನಮ್ಮ ಬೀದಿಯ ಕೊನೆಯ ಮನೆಯ ಯಜಮಾನರು ಗಾರೆಯ ಕೆಲಸದಲ್ಲಿದ್ದಾಗ ಸಾರವೆಯಿಂದ ಬಿದ್ದು ಕಾಲು ಮುರಿದುಕೊಂಡರು. ಮನೆಯಾಕೆಯು ಹೂ ಕಟ್ಟಿ ಮಾರುವವರು. ಒಬ್ಬ ಮಗಳು, ಒಬ್ಬ ಮಗ. ವಿಜಯದಶಮಿಯ ದಿನ ನಾವು ಐದು ಮನೆಯವರು ಕೂಡಿ, ಸೀರೆ, ಮಕ್ಕಳಿಗೆ ಹೊಸ ಬಟ್ಟೆ, ಎರಡು ಪೊಟ್ಟಣ ಮಿಠಾಯಿಗಳನ್ನು ಹೊತ್ತು ಎಂಟು ಜನ ಒಟ್ಟಿಗೆ ಅವರ ಮನೆಗೆ ಹೋದೆವು. ಅದು ಒಂದೇ ಅಂಕಣದ ಮನೆ. ಕುಳಿತುಕೊಳ್ಳಲು ಸ್ಥಳವಿಲ್ಲದೆ ಮಗಳು ಹೊರಗೆ ನಿಂತಳು. ಆಕೆಯು ಎಲ್ಲವನ್ನೂ ಎರಡು ಕೈಗಳಿಂದ ಸ್ವೀಕರಿಸಿ, ಮೆಲ್ಲನೆ ಮಗನನ್ನು ಎಲ್ಲಿಗೋ ಕಳುಹಿಸಿದರು. ಸ್ವಲ್ಪ ಹೊತ್ತಿನಲ್ಲಿ ಎಂಟು ಲೋಟ ಚಹಾ ಬಂದಿತು. ನಾವು ಕುಡಿದು, ತೃಪ್ತರಾಗಿ, ಒಂದು ಛಾಯಾಚಿತ್ರವನ್ನೂ ತೆಗೆದುಕೊಂಡು ಹಿಂದಿರುಗಿದೆವು.

ಆ ಹಾಲನ್ನೂ ಸಕ್ಕರೆಯನ್ನೂ ಕಿರಾಣಿ ಅಂಗಡಿಯಿಂದ ಸಾಲವಾಗಿ ತಂದಿದ್ದರೆಂಬುದು ನಾಲ್ಕು ದಿನಗಳ ತರುವಾಯ ಅಂಗಡಿಯವರ ಬಾಯಿಂದಲೇ ತಿಳಿಯಿತು. ಛಾಯಾಚಿತ್ರವು ಬೀದಿಯವರ ವಾಟ್ಸಾಪ್ ಗುಂಪಿನಿಂದ ಹೊರಟು ಮಗಳ ಸಹಪಾಠಿಗಳವರೆಗೂ ಹೋಗಿತ್ತು. ದಸರಾ ರಜೆ ಮುಗಿದು ಶಾಲೆ ತೆರೆದಾಗ ಆ ಹುಡುಗಿ ಎರಡು ದಿನ ಹೋಗಲಿಲ್ಲ. ಚಿತ್ರವನ್ನು ನಾವು ಅಳಿಸಿದೆವು. ಕಂಡವರ ಕಣ್ಣಿನಿಂದ ಅಳಿಸುವ ಬಗೆ ಯಾವುದು?

ದೀಪಾವಳಿಗೆ ಇನ್ನೂ ಒಂದು ವಾರವಿತ್ತು. ಈ ಸಲ ನಮ್ಮಲ್ಲಿ ವಯಸ್ಸಾದ ಅಜ್ಜಿಯೊಬ್ಬರು, ಬರಿಗೈಯಲ್ಲಿ, ಒಬ್ಬರೇ ಹೋಗಿ ಹೊಸ್ತಿಲ ಬಳಿ ಕುಳಿತು, "ನಿನಗೆ ಈಗ ಯಾವುದು ತೊಡಕಾಗಿದೆ, ತಾಯಿ?" ಎಂದು ಕೇಳಿದರು. ಮೊದಲು, "ಏನೂ ಇಲ್ಲಮ್ಮ" ಎಂಬ ಉತ್ತರ. ಅಜ್ಜಿ ಏಳಲಿಲ್ಲ, ಆಕೆಯೊಡನೆ ಹೂ ಕಟ್ಟುತ್ತ ಕುಳಿತರು. ಅರ್ಧ ಗಂಟೆಯಾದ ಮೇಲೆ ಮಾತು ಹೊರಬಿದ್ದಿತು. ಸಿಲಿಂಡರು ಬರಿದಾಗಿ ಹದಿನೈದು ದಿನವಾಗಿದೆ. ಪ್ಲಾಸ್ಟರು ತೆಗೆಸಲು ಆಸ್ಪತ್ರೆಗೆ ಕರೆದೊಯ್ಯುವವರಿಲ್ಲ. ಆಕೆ ಹೋದರೆ ಅಂದಿನ ಹೂವಿನ ವ್ಯಾಪಾರ ಹೋಗುತ್ತದೆ. ಗಂಡನ ಕಾರ್ಮಿಕರ ಕಾರ್ಡು ಪೆಟ್ಟಿಗೆಯಲ್ಲಿದೆ, ಅದರಿಂದ ಏನಾಗುವುದೆಂದು ತಿಳಿಯದು.

ಸೀರೆಯ ಮಾತು ಎಲ್ಲಿಯೂ ಬರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಕಟ್ಟಡ ಕಾರ್ಮಿಕರ ಕ್ಷೇಮಕ್ಕಾಗಿ ಆಗ 1996ರ ಕಾಯಿದೆಯೊಂದಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರುಷದೊಳಗಿನ ಕಾರ್ಮಿಕರು ಅದರ ಮೇರೆಗೆ ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಹೆಸರನ್ನು ನೋಂದಾಯಿಸಬಹುದಾಗಿತ್ತು; ಅಪಘಾತವಾದವರಿಗೆ ಮಂಡಳಿಯಿಂದ ಸಹಾಯಧನ ಕೋರುವ ಅವಕಾಶವಿತ್ತು. ರಜೆಗೆಂದು ಊರಿಗೆ ಬಂದಿದ್ದ ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬನು ಆಸ್ಪತ್ರೆಯ ಕಾಗದಗಳನ್ನು ಜೋಡಿಸಿ, ಅರ್ಜಿಯನ್ನು ತುಂಬಿ ಕಳುಹಿಸಿದನು. ಇದನ್ನು ಹಬ್ಬಕ್ಕೆ ಮುನ್ನವೇ ಮುಗಿಸಬೇಕಾಯಿತು. ನಮಗೆ ರಜೆಯಿರುವ ದಿನ ಕಚೇರಿಗಳಿಗೂ ರಜೆಯಲ್ಲವೇ! ಇನ್ನೊಬ್ಬರು ಆಟೋದಲ್ಲಿ ಯಜಮಾನರನ್ನು ಆಸ್ಪತ್ರೆಗೆ ಕರೆದೊಯ್ದರು. ನೀರು ತುಂಬುವ ಹಬ್ಬದ ಹೊತ್ತಿಗೆ ಸಿಲಿಂಡರು ಬಂದು, ಚತುರ್ದಶಿಯ ಅಭ್ಯಂಜನಕ್ಕೆ ಬಿಸಿನೀರಾಯಿತು.

ಹಿಂದಿನವರು ಬಡ ವಿದ್ಯಾರ್ಥಿಗಳಿಗೆ ವಾರಾನ್ನ ಹಾಕುತ್ತಿದ್ದರು. ಏಳು ದಿನ, ಏಳು ಮನೆ. ಒಂದೊಂದು ಮನೆಗೆ ವಾರಕ್ಕೊಂದು ಎಲೆಯ ಹೊರೆ ಮಾತ್ರ. ಆ ಪದ್ಧತಿಯಲ್ಲಿ ಜಾತಿಯ ಗೆರೆಗಳಿದ್ದವು, ನುಂಗಿಕೊಳ್ಳಬೇಕಾದ ಅವಮಾನಗಳೂ ಇದ್ದವು. ಅವು ಹೋದದ್ದೇ ಒಳಿತು. ಅದರ ಲೆಕ್ಕವನ್ನು ಮಾತ್ರ ನಾವು ಎರವಲು ಪಡೆದು, ಯಜಮಾನರು ಕೆಲಸಕ್ಕೆ ಮರಳುವವರೆಗೆ ದಿನಕ್ಕೊಂದು ಮನೆಯಿಂದ ಹಾಲೆಂದು ಗೊತ್ತುಮಾಡಿದೆವು.

ಇದಕ್ಕೆ ಆಕೆಯು ಒಂದು ಕರಾರಿನ ಮೇಲೆ ಒಪ್ಪಿದರು: "ಪುಕ್ಕಟೆ ಬೇಡಿ. ನಿಮ್ಮೆಲ್ಲರ ಲಕ್ಷ್ಮೀಪೂಜೆಗೆ ಹೂವನ್ನು ನಾನೇ ಕಟ್ಟಿಕೊಡುತ್ತೇನೆ." ಅಮಾವಾಸ್ಯೆಯ ಸಂಜೆ ನಮ್ಮ ಐದು ಬಾಗಿಲುಗಳಲ್ಲಿಯೂ ಆಕೆಯ ಸೇವಂತಿಗೆಯ ಮಾಲೆಗಳಿದ್ದವು. ಬಲಿಪಾಡ್ಯಮಿಯಂದು ಆಕೆ ಬಾಳೆಯೆಲೆಯಲ್ಲಿ ಕಜ್ಜಾಯ ಕಟ್ಟಿಕೊಂಡು ಮನೆಮನೆಗೂ ಬಂದರು. ನಾವು ಬೇಡವೆನ್ನಲಿಲ್ಲ, ಮಕ್ಕಳಿಗೆಂದು ಇನ್ನೆರಡನ್ನು ಕೇಳಿಯೇ ಪಡೆದೆವು. ಮಗಳು ಮಾತ್ರ ನಮ್ಮ ಜಗಲಿಯನ್ನು ಹತ್ತದೆ, ಬೀದಿಯ ಆಚೆಯ ಬದಿಯಲ್ಲಿ ತಾಯಿಗಾಗಿ ಕಾದು ನಿಂತಿದ್ದಳು.